ಕಡಸು ಬರಡಲ್ಲ, ಬೆಳೆದಿಲ್ಲ: ಕರು ಹಸುವಾಗುವ ಬಗೆ



ಬರಡು ರಾಸುಗಳ ತಪಾಸಣಾ ಶಿಬಿರಕ್ಕೆ ಬರುವ ರಾಸುಗಳಲ್ಲಿ ಕಡಸುಗಳೂ ಬಹಳ ಇರುತ್ತವೆ. ಅಂತಹ ಒಂದು ಶಿಬಿರದಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳುತ್ತೇನೆ. ವಯಸ್ಸಾದ ತಾಯಿಯೊಬ್ಬರು ಕಪ್ಪು ಬಿಳುಪಿನ ಮಿಶ್ರತಳಿ ಕಡಸನ್ನು ಹಿಡಿದುಕೊಂಡು ಬಂದಿದ್ದರು. ಜೊತೆಯಲ್ಲಿ ಮಗನೂ ಇದ್ದ.

"ಸ್ವಾಮಿ, ಇದಕ್ಕೆ ಎರಡೂವರೆ ವರ್ಷ ತುಂಬಿತು. ಇನ್ನೂ ಬೆದೆಗೆ ಬಂದಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ನೋಡಿ. ಇಲ್ಲದಿದ್ದರೆ ಸಂತೆಗೆ ಹೊಡೆದುಬಿಡ್ತೀನಿ ಅಂತಾನೆ ಇವನು" ಎಂದರು.

ಕಡಸನ್ನು ಟ್ರೆವಿಸ್‌ನಲ್ಲಿ ನಿಲ್ಲಿಸಿ ಪರೀಕ್ಷಿಸಿದೆ. ಗರ್ಭಕೋಶ ಇದೆ, ಅಂಡಾಶಯ ಇದೆ, ಯಾವ ದೋಷವೂ ಇಲ್ಲ. ಆದರೆ ಎಲ್ಲವೂ ಸಣ್ಣವು, ಆರೇಳು ತಿಂಗಳ ಕರುವಿನವು ಇದ್ದ ಹಾಗೆ. ಚೀಲದಿಂದ ಟೇಪು ತೆಗೆದು ಅಳೆದೆ. ಎದೆಯ ಸುತ್ತಳತೆ 48 ಇಂಚು, ಉದ್ದ 43 ಇಂಚು. ಲೆಕ್ಕ ಹಾಕಿದರೆ ತೂಕ ಸುಮಾರು 150 ಕಿಲೋ. ಚೆನ್ನಾಗಿ ಸಾಕಿದ ಮಿಶ್ರತಳಿ ಕರು ಒಂಬತ್ತು ತಿಂಗಳಿಗೆ ತೂಗಬೇಕಾದ ತೂಕವದು.

"ಅಮ್ಮಾ, ನಿಮ್ಮ ಕಡಸು ಬರಡಲ್ಲ. ಅದಿನ್ನೂ ಬೆಳೆದೇ ಇಲ್ಲ" ಎಂದೆ.

ಆ ತಾಯಿ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

ಇದು ಆ ಒಂದು ಮನೆಯ ಕಥೆಯಲ್ಲ. ಬರಡು ಎಂಬ ಹೆಸರು ಹೊತ್ತು ಶಿಬಿರಕ್ಕೆ ಬರುವ ಅನೇಕ ಕಡಸುಗಳ ತೊಂದರೆ ಗರ್ಭಕೋಶದಲ್ಲಿಲ್ಲ, ಗೋದಲಿಯಲ್ಲಿದೆ. ಕರು ಹೇಗೆ ಬೆಳೆಯುತ್ತದೆ, ಯಾವಾಗ ಪ್ರಾಯಕ್ಕೆ ಬರುತ್ತದೆ, ಆ ಬೆಳವಣಿಗೆಯನ್ನು ಯಾವುದು ಹೆಚ್ಚಿಸುತ್ತದೆ, ಯಾವುದು ತಡೆಯುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ವಯಸ್ಸಲ್ಲ, ತೂಕ ಮುಖ್ಯ

"ವರ್ಷ ಎರಡಾಯಿತು, ಇನ್ನೂ ಬೆದೆಗೆ ಬರಲಿಲ್ಲ" ಎಂದು ನಾವು ಕ್ಯಾಲೆಂಡರ್ ನೋಡುತ್ತೇವೆ. ಕಡಸಿನ ದೇಹ ಕ್ಯಾಲೆಂಡರ್ ನೋಡುವುದಿಲ್ಲ. ತನ್ನ ಪೂರ್ಣ ಬೆಳವಣಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬಂದಾಗ ಅದು ಪ್ರಾಯಕ್ಕೆ ಬರುತ್ತದೆ. ಆಗ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಅಂಡಾಶಯಕ್ಕೆ ಚೋದಕ ರಸಗಳು ಸರಿಯಾಗಿ ಹರಿಯತೊಡಗಿ ಮೊದಲ ಬೆದೆ ಕಾಣುತ್ತದೆ. ದೇಹದಲ್ಲಿ ಶಕ್ತಿಯ ಸಂಗ್ರಹ ಇಲ್ಲದಿದ್ದರೆ ಆ ಗ್ರಂಥಿ ಕೆಲಸ ಆರಂಭಿಸುವುದೇ ಇಲ್ಲ. ತನ್ನ ಹೊಟ್ಟೆಗೇ ಸಾಲದಿರುವಾಗ ಇನ್ನೊಂದು ಜೀವವನ್ನು ಹೊರಲು ದೇಹ ಒಪ್ಪುವುದಿಲ್ಲ. ಇದು ಪ್ರಕೃತಿಯ ವಿವೇಕ.

ಗಬ್ಬ ಕಟ್ಟಿಸಲು ಪೂರ್ಣ ತೂಕದ ನೂರಕ್ಕೆ 60ರಷ್ಟಾದರೂ ಬೆಳೆದಿರಬೇಕು. ಪೂರ್ಣ ಬೆಳೆದ ಎಚ್.ಎಫ್. ಮಿಶ್ರತಳಿ ಹಸು 400ರಿಂದ 450 ಕಿಲೋ ತೂಗುತ್ತದೆ. ಆದ್ದರಿಂದ ಅದರ ಕಡಸಿಗೆ 250ರಿಂದ 270 ಕಿಲೋ ಆದಾಗ ಕೃತಕ ಗರ್ಭಧಾರಣೆ ಮಾಡಿಸಬೇಕು. ಜೆರ್ಸಿ ಮಿಶ್ರತಳಿ ಚಿಕ್ಕ ಮೈಕಟ್ಟಿನದು, ಅದಕ್ಕೆ 200ರಿಂದ 220 ಕಿಲೋ ಸಾಕು. ಎಮ್ಮೆಯ ಮಣಕ 275ರಿಂದ 300 ಕಿಲೋ ಇರಬೇಕು.

ಈಗ ಒಂದು ಲೆಕ್ಕ ಮಾಡೋಣ. ಹುಟ್ಟಿದಾಗ 28 ಕಿಲೋ ಇದ್ದ ಕರು 250 ಕಿಲೋ ಆಗಲು 222 ಕಿಲೋ ಬೆಳೆಯಬೇಕು.

ದಿನಕ್ಕೆ 450 ಗ್ರಾಂ ಬೆಳೆದರೆ ಸುಮಾರು 493 ದಿನ, ಅಂದರೆ 16 ತಿಂಗಳು ಸಾಕು. ಅದರ ಮೇಲೆ ಗರ್ಭಾವಧಿ 9 ತಿಂಗಳು ಚಿಲ್ಲರೆ. ಮೊದಲ ಕರು ಸುಮಾರು 26ನೆಯ ತಿಂಗಳಿಗೆ.

ದಿನಕ್ಕೆ 250 ಗ್ರಾಂ ಮಾತ್ರ ಬೆಳೆದರೆ ಸುಮಾರು 888 ದಿನ, ಅಂದರೆ 29 ತಿಂಗಳು ಬೇಕು. ಮೊದಲ ಕರು 39ನೆಯ ತಿಂಗಳಿಗೆ.

ದಿನಕ್ಕೆ 200 ಗ್ರಾಂ ವ್ಯತ್ಯಾಸ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಕೊನೆಯಲ್ಲಿ ಅದು 13 ತಿಂಗಳ ವ್ಯತ್ಯಾಸವಾಗುತ್ತದೆ. ಈ 13 ತಿಂಗಳು ಒಂದು ತೊಟ್ಟು ಹಾಲೂ ಕೊಡದೆ ಕಡಸು ಮೇವು ತಿನ್ನುತ್ತದೆ. ಒಂದು ಕರುವೂ, ಒಂದು ಕರಾವಿನ ಹಾಲೂ ನಮ್ಮ ಕೈ ತಪ್ಪುತ್ತವೆ.

ಬೆಳವಣಿಗೆಯ ಕ್ರಮ

ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಬೆಳೆಯುವುದಿಲ್ಲ. ಅದಕ್ಕೊಂದು ಸರದಿ ಇದೆ. ಮೊದಲು ಮಿದುಳು ಮತ್ತು ನರಗಳು, ನಂತರ ಮೂಳೆ, ಆಮೇಲೆ ಮಾಂಸಖಂಡ, ಕೊನೆಯಲ್ಲಿ ಕೊಬ್ಬು. ಎಳೆಗರುವಿಗೆ ತಲೆ ದೊಡ್ಡದು, ಕಾಲು ಉದ್ದ, ಮೈ ತೆಳು. ಬೆಳೆಯುತ್ತ ಹೋದಂತೆ ಮೈ ಉದ್ದವಾಗುತ್ತದೆ, ಎದೆ ಅಗಲವಾಗುತ್ತದೆ, ಕೊನೆಗೆ ಸೊಂಟ ತುಂಬಿಕೊಳ್ಳುತ್ತದೆ.

ಆಹಾರ ಕಡಿಮೆಯಾದಾಗ ಈ ಸರದಿಯೇ ಕೆಲಸ ಮಾಡುತ್ತದೆ. ಇದ್ದಷ್ಟು ಆಹಾರ ಮೊದಲು ಮಿದುಳಿಗೆ, ಮೂಳೆಗೆ ಹೋಗುತ್ತದೆ. ಮಾಂಸಕ್ಕೆ ಮತ್ತು ಸಂತಾನ ಶಕ್ತಿಗೆ ಉಳಿಯುವುದಿಲ್ಲ. ಆದ್ದರಿಂದಲೇ ಹಸಿದು ಬೆಳೆದ ಕಡಸಿನ ಎತ್ತರ ನೋಡಿದರೆ ಪರವಾಗಿಲ್ಲ ಎನಿಸುತ್ತದೆ, ಟೇಪು ಹಿಡಿದರೆ ಎದೆ ಸುತ್ತಳತೆ ಇರುವುದಿಲ್ಲ. ಎತ್ತರ ನೋಡಿ ಮೋಸ ಹೋಗಬೇಡಿ.

ಒಂದು ಸಮಾಧಾನದ ಸಂಗತಿಯೂ ಉಂಟು. ಬೇಸಿಗೆಯಲ್ಲಿ ಕೆಲವು ವಾರ ಮೇವು ಕಡಿಮೆಯಾಗಿ ಬೆಳವಣಿಗೆ ನಿಂತ ಕಡಸು, ಮಳೆ ಬಂದು ಹಸಿಮೇವು ಸಿಕ್ಕಿದ ಕೂಡಲೇ ಬೇಗ ಬೇಗ ಬೆಳೆದು ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಆದರೆ ಹುಟ್ಟಿದ ಮೊದಲ ಮೂರು ತಿಂಗಳು ಉಪವಾಸ ಬಿದ್ದ ಕರುವಿಗೆ ಆ ನಷ್ಟ ತುಂಬಿಕೊಳ್ಳುವುದು ಕಷ್ಟ. ಬೆಳೆಯುವ ಪೈರು ಮೊಳಕೆಯಲ್ಲಿ ಎಂಬ ಗಾದೆ ಕರುವಿಗೂ ಸಲ್ಲುತ್ತದೆ.

ಬೆಳವಣಿಗೆ ಹೊಟ್ಟೆಯಲ್ಲೇ ಆರಂಭ

ಕರುವಿನ ಪಾಲನೆ ಹುಟ್ಟಿದ ದಿನ ಆರಂಭವಾಗುವುದಿಲ್ಲ. ಗರ್ಭದಲ್ಲಿರುವ ಕರುವಿನ ತೂಕದ ಮೂರನೆಯ ಎರಡು ಭಾಗ ಕೊನೆಯ ಮೂರು ತಿಂಗಳಲ್ಲೇ ಬೆಳೆಯುತ್ತದೆ. ಈ ಸಮಯದಲ್ಲಿ ನಾವು ಹಸುವನ್ನು ಕರೆಯುತ್ತಲೇ ಇದ್ದರೆ, ಅಥವಾ "ಹಾಲು ನಿಂತಿತು, ಇನ್ನೇಕೆ ಹಿಂಡಿ?" ಎಂದು ಬರೀ ಒಣಹುಲ್ಲು ಹಾಕಿದರೆ, ಪೆಟ್ಟು ಬೀಳುವುದು ಹೊಟ್ಟೆಯ ಕರುವಿಗೆ ಮತ್ತು ಗಿಣ್ಣು ಹಾಲಿಗೆ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ. ಆ ಎರಡು ತಿಂಗಳು ಒಳ್ಳೆಯ ಹಸಿಮೇವು, ಪಶು ಆಹಾರ, ಖನಿಜ ಮಿಶ್ರಣ ಕೊಡಿ.

ಮೊದಲ ಒಂದು ಗಂಟೆ: ಗಿಣ್ಣು ಹಾಲು

ಮನುಷ್ಯರ ಮಗುವಿಗೆ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ಗರ್ಭದಲ್ಲೇ ಸ್ವಲ್ಪ ಬರುತ್ತದೆ. ಹಸು, ಎಮ್ಮೆಗಳಲ್ಲಿ ಹಾಗಲ್ಲ. ಮಾಸಿನ ರಚನೆಯಿಂದಾಗಿ ಆ ಶಕ್ತಿ ಕರುವಿಗೆ ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವ ರಕ್ಷಣೆ ಎಂದರೆ ಗಿಣ್ಣು ಹಾಲು ಒಂದೇ.

ಗಿಣ್ಣಿನ ರಕ್ಷಕ ಅಂಶಗಳನ್ನು ಕರುವಿನ ಕರುಳು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಹೊತ್ತು ಕಳೆದಂತೆ ಆ ಬಾಗಿಲು ಮುಚ್ಚುತ್ತ ಹೋಗುತ್ತದೆ, 24 ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿರುತ್ತದೆ. ಆದ್ದರಿಂದ ಹುಟ್ಟಿದ ಒಂದು ಗಂಟೆಯೊಳಗೆ, ತಡವೆಂದರೆ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆ ಸೇರಬೇಕು. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೆಯ ಒಂದು ಭಾಗ, ಅಂದರೆ 28 ಕಿಲೋ ಕರುವಿಗೆ ಮೂರು ಲೀಟರಿನಷ್ಟು, ಎರಡು ಮೂರು ಸಲ ಹಂಚಿ ಕುಡಿಸಿ. ಅದರಲ್ಲಿ ಅರ್ಧ ಭಾಗ ಮೊದಲ ಸಲವೇ ಹೋಗಲಿ.

"ಮಾಸು ಬೀಳುವವರೆಗೆ ಗಿಣ್ಣು ಕುಡಿಸಬಾರದು" ಎಂಬ ಮಾತು ಇನ್ನೂ ನಮ್ಮ ಹಳ್ಳಿಗಳಲ್ಲಿದೆ. ಇದು ತಪ್ಪು. ಮಾಸು ಬೀಳಲು ಆರೆಂಟು ಗಂಟೆಯೂ ಆಗಬಹುದು. ಅಷ್ಟರಲ್ಲಿ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಕರು ಕೆಚ್ಚಲು ಚೀಪಿದರೆ ತಾಯಿಗೂ ಒಳ್ಳೆಯದು. ಚೀಪುವಿಕೆಯಿಂದ ಗರ್ಭಕೋಶ ಕುಗ್ಗಿ ಮಾಸು ಬೀಳಲು ಸಹಾಯವಾಗುತ್ತದೆ. ಗಿಣ್ಣನ್ನು ನೆಂಟರಿಗೆ ಹಂಚುವ ಪದ್ಧತಿ ಒಳ್ಳೆಯದೇ, ಆದರೆ ಮೊದಲ ಪಾಲು ಕರುವಿನದು.

ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದನ್ನು ಮರೆಯಬೇಡಿ. ಹೊಕ್ಕುಳಿನಿಂದ ಒಳಹೊಕ್ಕ ಸೋಂಕು ಕೀಲುಗಳಿಗೆ ಇಳಿದು ಕರು ಕುಂಟುತ್ತದೆ. ಅಂತಹ ಕರು ಬದುಕಿದರೂ ಬೆಳೆಯುವುದಿಲ್ಲ.

ಹಾಲು ಕುಡಿಯುವ ಕರು ಹುಲ್ಲು ತಿನ್ನುವ ಕರುವಾಗುವುದು

ಬೆಳೆದ ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಅದರಲ್ಲಿ ರೂಮೆನ್ ಎಂಬ ದೊಡ್ಡ ಚೀಲವೇ ನೂರಕ್ಕೆ 80 ಭಾಗ. ಒಣಹುಲ್ಲನ್ನು ಹುದುಗಿಸಿ ಆಹಾರ ಮಾಡುವ ಕಾರ್ಖಾನೆ ಇದು. ಹುಟ್ಟಿದ ಕರುವಿನಲ್ಲಿ ಈ ಚೀಲ ಬಹಳ ಚಿಕ್ಕದು. ನಾಲ್ಕನೆಯ ಕೋಣೆಯೇ ದೊಡ್ಡದು, ಕುಡಿದ ಹಾಲು ನೇರವಾಗಿ ಅಲ್ಲಿಗೇ ಹೋಗುತ್ತದೆ. ಅಂದರೆ ಮೊದಲ ವಾರಗಳಲ್ಲಿ ಕರುವೂ ನಮ್ಮ ಹಾಗೆ ಒಂದೇ ಹೊಟ್ಟೆಯ ಪ್ರಾಣಿ. ಹತ್ತು ದಿನದ ಕರುವಿಗೆ ಹುಲ್ಲು ತೋರಿಸಿ ಹಾಲು ನಿಲ್ಲಿಸಿದರೆ ಅದು ಬದುಕುವುದಾದರೂ ಹೇಗೆ?

ರೂಮೆನ್ ತನ್ನಷ್ಟಕ್ಕೆ ವಯಸ್ಸಾದಂತೆ ಬೆಳೆಯುವುದಿಲ್ಲ. ಗಟ್ಟಿ ಆಹಾರ ಅದರೊಳಗೆ ಬಿದ್ದು ಹುದುಗಿದಾಗ ಹುಟ್ಟುವ ಆಮ್ಲಗಳು ಅದರ ಒಳಗೋಡೆಯನ್ನು ಬೆಳೆಸುತ್ತವೆ. ಈ ಕೆಲಸವನ್ನು ಹುಲ್ಲಿಗಿಂತ ಕಾಳಿನ ಪುಡಿ ಚೆನ್ನಾಗಿ ಮಾಡುತ್ತದೆ. ಹುಲ್ಲು ಚೀಲವನ್ನು ಹಿಗ್ಗಿಸುತ್ತದೆ, ಕಾಳು ಗೋಡೆಯನ್ನು ಬೆಳೆಸುತ್ತದೆ. ಎರಡೂ ಬೇಕು. ಬರೀ ಹುಲ್ಲು ತಿಂದು ಬೆಳೆದ ಕರುವಿಗೆ ಹೊಟ್ಟೆ ಮಡಕೆಯಂತೆ ಉಬ್ಬಿ, ಬೆನ್ನು ಗೂನಾಗಿ, ಕೂದಲು ಒರಟಾಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಜನ "ಹೊಟ್ಟೆ ತುಂಬ ತಿಂದಿದೆ" ಎನ್ನುತ್ತಾರೆ. ತುಂಬಿರುವುದು ಹುಲ್ಲು ಮತ್ತು ಜಂತುಹುಳು.

ಹಾಲಿನ ಲೆಕ್ಕ ಹೀಗಿರಲಿ. ಮೊದಲ ತಿಂಗಳು ದಿನಕ್ಕೆ 3 ಲೀಟರ್, ಎರಡನೆಯ ತಿಂಗಳು 2.5 ಲೀಟರ್, ಮೂರನೆಯ ತಿಂಗಳು ಕಡಿಮೆ ಮಾಡುತ್ತ ಬಂದು ಸರಾಸರಿ 1.5 ಲೀಟರ್. ಎರಡನೆಯ ವಾರದಿಂದ ಒಂದು ಹಿಡಿ ಕರುಗಳ ಆಹಾರವನ್ನು ಹಾಲು ಕುಡಿಸಿದ ಮೇಲೆ ಬಾಯಿಗೆ ಸವರಿ ರುಚಿ ಹತ್ತಿಸಿ. ದಿನಕ್ಕೆ ಒಂದು ಕಿಲೋ ತಿನ್ನತೊಡಗಿದ ಕರುವಿಗೆ ಹಾಲು ಬಿಡಿಸಬಹುದು. ಮೊದಲ ವಾರದಿಂದಲೇ ಶುದ್ಧ ನೀರು ಎದುರಿಗಿರಲಿ. ಹಾಲು ನೀರಿನ ಬದಲಿಯಲ್ಲ. ನೀರಿಲ್ಲದೆ ರೂಮೆನ್‌ನಲ್ಲಿ ಹುದುಗುವಿಕೆ ನಡೆಯುವುದಿಲ್ಲ.

ಕಾಫ್ ಸ್ಟಾರ್ಟರ್ ಎಂದು ಮಾರುವ ಕರುಗಳ ಆಹಾರ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ. ನುಚ್ಚು ಮಾಡಿದ ಮುಸುಕಿನ ಜೋಳ 50 ಕಿಲೋ, ಕಡಲೆಕಾಯಿ ಹಿಂಡಿ 30 ಕಿಲೋ, ಗೋಧಿ ಬೂಸಾ 17 ಕಿಲೋ, ಖನಿಜ ಮಿಶ್ರಣ 2 ಕಿಲೋ, ಉಪ್ಪು 1 ಕಿಲೋ, ಒಟ್ಟು 100 ಕಿಲೋ. ಬೂಷ್ಟು ಹಿಡಿದ ಹಿಂಡಿ, ಬೂಷ್ಟು ಹಿಡಿದ ಜೋಳ ಬೇಡವೇ ಬೇಡ. ಅದರ ವಿಷ ದೊಡ್ಡ ಹಸುವಿಗಿಂತ ಕರುವಿಗೆ ಬೇಗ ಹತ್ತುತ್ತದೆ. ಯೂರಿಯಾ ಬೆರೆಸಿದ ಆಹಾರವನ್ನು ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು.

"ಅಷ್ಟು ಹಾಲು ಕರುವಿಗೆ ಕೊಟ್ಟರೆ ಸಂಘಕ್ಕೆ ಹಾಕುವುದೇನು?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮೂರು ತಿಂಗಳಿಗೆ ಒಟ್ಟು ಸುಮಾರು 210 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 7,350 ರೂಪಾಯಿ. ಇನ್ನೊಂದು ಕಡೆ, 13 ತಿಂಗಳು ತಡವಾದ ಕಡಸಿಗೆ ದಿನಕ್ಕೆ 60 ರೂಪಾಯಿಯ ಮೇವು ಎಂದು ಹಿಡಿದರೂ 395 ದಿನಕ್ಕೆ 23,700 ರೂಪಾಯಿ. ಕೈ ತಪ್ಪಿದ ಹಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ. ಈ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಸಂಘದ ದರ, ನಿಮ್ಮ ಮನೆಯ ಖರ್ಚು ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಮೂರು ತಿಂಗಳ ನಂತರ

ಹಾಲು ಬಿಡಿಸಿದ ಮೇಲೆ ನಮ್ಮಲ್ಲಿ ಬಹಳಷ್ಟು ಕರುಗಳು ಮರೆತುಹೋಗುತ್ತವೆ. ಹಾಲು ಕೊಡುವ ಹಸುವಿನ ಗೋದಲಿ ಮೊದಲು ತುಂಬುತ್ತದೆ, ಹಸು ಬಿಟ್ಟ ದಂಟು ಕಡಸಿಗೆ ಬೀಳುತ್ತದೆ. ನೆಲ ಅಂದಾಜಿಗೆ ಹೀಗೆ ಕೊಡಿ:

3ರಿಂದ 6 ತಿಂಗಳು: ಪಶು ಆಹಾರ 1ರಿಂದ 1.5 ಕಿಲೋ, ಹಸಿಮೇವು 2ರಿಂದ 5 ಕಿಲೋ, ಒಣಮೇವು ತಿಂದಷ್ಟು.
6ರಿಂದ 12 ತಿಂಗಳು: ಪಶು ಆಹಾರ 1.5ರಿಂದ 2 ಕಿಲೋ, ಹಸಿಮೇವು 5ರಿಂದ 10 ಕಿಲೋ, ಒಣಮೇವು 2ರಿಂದ 3 ಕಿಲೋ.
12 ತಿಂಗಳ ಮೇಲೆ: ಪಶು ಆಹಾರ 2 ಕಿಲೋ, ಹಸಿಮೇವು 15 ಕಿಲೋ, ಒಣಮೇವು 3ರಿಂದ 4 ಕಿಲೋ.
ಎಲ್ಲದಕ್ಕೂ ಖನಿಜ ಮಿಶ್ರಣ ವಯಸ್ಸಿಗೆ ತಕ್ಕಂತೆ ದಿನಕ್ಕೆ 20ರಿಂದ 30 ಗ್ರಾಂ.

ಹಸಿಮೇವಿನಲ್ಲಿ ಅಲಸಂದೆ, ಕುದುರೆಮೆಂತೆಯಂತಹ ದ್ವಿದಳ ಮೇವು ಒಂದು ಪಾಲು ಇದ್ದರೆ ಪಶು ಆಹಾರದ ಖರ್ಚು ಕಡಿಮೆಯಾಗುತ್ತದೆ. ಒಣಮೇವಿನಲ್ಲಿ ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು, ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಜೀರ್ಣವೂ ಸುಲಭ. ಆದರೆ ಯಾವ ಹುಲ್ಲಿನಲ್ಲೂ ರಂಜಕ ಸಾಕಷ್ಟಿರುವುದಿಲ್ಲ. ರಂಜಕ ಕಡಿಮೆಯಾದ ಕಡಸು ಗೋಡೆ ನೆಕ್ಕುತ್ತದೆ, ಬಟ್ಟೆ, ಮೂಳೆ ಅಗಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಬೂಸಾ, ತೌಡಿನಲ್ಲಿ ರಂಜಕ ಉಂಟು. ಅದರ ಜೊತೆಗೆ ಖನಿಜ ಮಿಶ್ರಣ ಇದ್ದರೆ ತಾಮ್ರ, ಸತುವಿನ ಕೊರತೆಯೂ ನೀಗುತ್ತದೆ.

ಹಾಗೆಂದು ಅತಿಯಾಗಿ ತಿನ್ನಿಸುವುದೂ ತಪ್ಪು. ಮೂರನೆಯ ತಿಂಗಳಿನಿಂದ ಪ್ರಾಯಕ್ಕೆ ಬರುವವರೆಗೆ ಕೆಚ್ಚಲು ದೇಹಕ್ಕಿಂತ ವೇಗವಾಗಿ ಬೆಳೆಯುತ್ತದೆ. ಈ ಕಾಲದಲ್ಲಿ ಮಿತಿಮೀರಿ ಕಾಳು, ಹಿಂಡಿ ತಿನ್ನಿಸಿ ಕೊಬ್ಬಿಸಿದರೆ ಹಾಲು ಉತ್ಪಾದಿಸುವ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅಂತಹ ಕಡಸು ನೋಡಲು ಚೆಂದ, ಆದರೆ ಮುಂದೆ ಹಾಲು ಕಡಿಮೆ. ಪಕ್ಕೆಲುಬು ಎಣಿಸುವ ಹಾಗೂ ಇರಬಾರದು, ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆಯೂ ಇರಬಾರದು.

ಬೆಳವಣಿಗೆಯನ್ನು ಕದಿಯುವ ಕಳ್ಳರು

ಜಂತುಹುಳು: ದುಂಡುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಕರುವಿಗೆ ಬರುತ್ತವೆ. ಎಮ್ಮೆಯ ಕರುಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಆದ್ದರಿಂದ ಹುಟ್ಟಿದ 10ರಿಂದ 14 ದಿನದೊಳಗೆ ಮೊದಲ ಜಂತುನಾಶಕ ಕೊಡಿಸಿ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಸೆಗಣಿ ಪರೀಕ್ಷೆ ಮಾಡಿಸಿ ಪಶುವೈದ್ಯರು ಹೇಳಿದಂತೆ. ಔಷಧದ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ಅಂದಾಜಿನಲ್ಲಿ ಕುಡಿಸಬೇಡಿ.

ಉಣ್ಣೆ: ಮಿಶ್ರತಳಿ ಕರುಗಳಿಗೆ ಉಣ್ಣೆ ರಕ್ತ ಹೀರುವ ಕೀಟ ಮಾತ್ರವಲ್ಲ, ಥೈಲೇರಿಯಾ ಜ್ವರ ತರುವ ವಾಹನವೂ ಹೌದು. ಜ್ವರ ಬಂದು, ಭುಜದ ಮುಂದಿನ ಗ್ರಂಥಿ ಗಡ್ಡೆಯಂತೆ ಊದಿ, ಕಣ್ಣಿನ ಒಳಪೊರೆ ಬಿಳುಚಿಕೊಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕೊಟ್ಟಿಗೆ ಗೋಡೆಯ ಬಿರುಕುಗಳಲ್ಲಿ ಉಣ್ಣೆ ಮೊಟ್ಟೆ ಇಡುತ್ತದೆ. ಕರುವಿನ ಮೈಗೆ ಮದ್ದು ಹಚ್ಚಿ ಬಿರುಕು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ಸಾಂಕ್ರಾಮಿಕ ರೋಗ: ನಾಲ್ಕನೆಯ ತಿಂಗಳಿಗೆ ಕಾಲುಬಾಯಿ ಜ್ವರದ ಮೊದಲ ಲಸಿಕೆ, ಒಂದು ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಹೆಣ್ಣುಗರುವಿಗೆ 4ರಿಂದ 8 ತಿಂಗಳ ಒಳಗೆ, ಜೀವಮಾನದಲ್ಲಿ ಒಂದೇ ಸಲ, ಬ್ರುಸೆಲ್ಲಾ ಲಸಿಕೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಎರಡೂ ಲಸಿಕೆಗಳು ಸೇರಿವೆ. ಬ್ರುಸೆಲ್ಲಾ ಬಂದ ಹಸು ಗಬ್ಬ ಹಾಕುತ್ತದೆ, ಅದರಿಂದ ಮನುಷ್ಯರಿಗೂ ರೋಗ ಹತ್ತುತ್ತದೆ. ಈ ಲಸಿಕೆಯ ವಯಸ್ಸು ಮೀರಿದರೆ ಮತ್ತೆ ಅವಕಾಶವಿಲ್ಲ, ಆದ್ದರಿಂದ ಕರು ಹುಟ್ಟಿದ ತಾರೀಖು ಬರೆದಿಡಿ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ರಾಸುಗಳನ್ನು ಕಾಡಿದ್ದು ನಿಮಗೆ ನೆನಪಿದೆ. ಒಂದು ದೊಡ್ಡ ರೋಗ ಬಂದು ಹೋದರೆ ಬೆಳೆಯುವ ಕಡಸು ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ.

ಬಿಸಿಲು ಮತ್ತು ಕೊಟ್ಟಿಗೆ: ಸೆಖೆ ಹೆಚ್ಚಾದರೆ ರಾಸು ಮೇವು ಕಡಿಮೆ ತಿನ್ನುತ್ತದೆ. ಎಚ್.ಎಫ್. ರಕ್ತ ಹೆಚ್ಚಿದ್ದಷ್ಟೂ ಈ ತೊಂದರೆ ಹೆಚ್ಚು. ನೆರಳು, ಗಾಳಿ, ನೀರು ಬೇಕು. ಆದರೆ ಕತ್ತಲೆ ಮೂಲೆಯಲ್ಲಿ, ಗಂಜಲ ನಿಂತ ನೆಲದಲ್ಲಿ ದಿನವಿಡೀ ಕಟ್ಟಿದ ಕರುವೂ ಬೆಳೆಯುವುದಿಲ್ಲ. ಎಳೆಬಿಸಿಲಿನಲ್ಲಿ ಒಂದೆರಡು ಗಂಟೆ ಬಿಟ್ಟು ಓಡಾಡಿಸಿ.

ತಳಿ: ಬೆಳೆಯುವ ಸಾಮರ್ಥ್ಯ ತಂದೆ ತಾಯಿಯಿಂದ ಬರುತ್ತದೆ. ಆದರೆ ತಳಿ ಕೊಡುವುದು ಸಾಮರ್ಥ್ಯವನ್ನು ಮಾತ್ರ, ಅದನ್ನು ತೂಕವಾಗಿ ಮಾಡುವುದು ಗೋದಲಿ. ಇಂದು ಹೆಣ್ಣುಗರುವೇ ಹುಟ್ಟುವಂತಹ, ಲಿಂಗ ನಿರ್ಧರಿತ ವೀರ್ಯದ ನಳಿಕೆಗಳೂ ಬಂದಿವೆ. ಹಣ ಕೊಟ್ಟು ಹೆಣ್ಣುಗರು ಪಡೆದು, ಅದಕ್ಕೆ ಹಾಲು ಕೊಡದೆ ಒಣಗಿಸಿದರೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಟೇಪಿನಿಂದ ತೂಕ

ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಕಡಸನ್ನು ಸಮ ನೆಲದಲ್ಲಿ ನೇರವಾಗಿ ನಿಲ್ಲಿಸಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ.

ಉದಾಹರಣೆ: ಸುತ್ತಳತೆ 57, ಉದ್ದ 51. 57 × 57 = 3,249. 3,249 × 51 = 1,65,699. ಇದನ್ನು 660ರಿಂದ ಭಾಗಿಸಿದರೆ 251 ಕಿಲೋ. ಈ ಕಡಸು ಗಬ್ಬಕ್ಕೆ ಸಿದ್ಧ.

ಎಚ್.ಎಫ್. ಮಿಶ್ರತಳಿ ಕಡಸಿನ ಗುರಿ ಹೀಗಿರಲಿ:

ಹುಟ್ಟಿದಾಗ 25ರಿಂದ 30 ಕಿಲೋ
3 ತಿಂಗಳಿಗೆ 65 ಕಿಲೋ
6 ತಿಂಗಳಿಗೆ 105 ಕಿಲೋ
9 ತಿಂಗಳಿಗೆ 150 ಕಿಲೋ
12 ತಿಂಗಳಿಗೆ 190 ಕಿಲೋ
16ರಿಂದ 17 ತಿಂಗಳಿಗೆ 250 ಕಿಲೋ
ಕರು ಹಾಕುವಾಗ 340ರಿಂದ 360 ಕಿಲೋ

ತಿಂಗಳಿಗೊಮ್ಮೆ ಅಳೆದು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿದರೆ ಅವರು ಖುಷಿಯಿಂದ ಮಾಡುತ್ತಾರೆ.

ಅವಸರ ಬೇಡ: ನನ್ನದೇ ಒಂದು ತಪ್ಪು

ಸೇವೆಗೆ ಸೇರಿದ ಹೊಸತರಲ್ಲಿ ನನಗೂ ಇಂಜೆಕ್ಷನ್ ಮೇಲೆ ಬಹಳ ನಂಬಿಕೆ. ಒಂದು ಹಳ್ಳಿಯಲ್ಲಿ ರೈತರೊಬ್ಬರು ಒತ್ತಾಯ ಮಾಡಿದರೆಂದು, ಸುಮಾರು 190 ಕಿಲೋ ತೂಗುತ್ತಿದ್ದ ಎಚ್.ಎಫ್. ಮಿಶ್ರತಳಿ ಕಡಸಿಗೆ ಬೆದೆ ಬರಿಸುವ ಹಾರ್ಮೋನ್ ಕೊಟ್ಟೆ. ಬೆದೆಗೆ ಬಂತು, ಗಬ್ಬವೂ ನಿಂತಿತು. ನನಗೆ ಹೆಮ್ಮೆ. ಒಂಬತ್ತು ತಿಂಗಳ ಮೇಲೆ ಒಂದು ರಾತ್ರಿ ಕರೆ ಬಂತು. ಸೊಂಟದ ಮೂಳೆಗೂಡು ಬೆಳೆದಿರಲಿಲ್ಲ, ದಾರಿ ಕಿರಿದು, ಕರು ಸಿಕ್ಕಿಕೊಂಡಿತ್ತು. ಬೆಳಗಿನ ಜಾವದವರೆಗೆ ಹೆಣಗಿ ಹೊರತೆಗೆದೆವು. ಹೆಣ್ಣುಗರು, ಸತ್ತಿತ್ತು. ಕಡಸು ಹತ್ತು ದಿನ ಮೇಲೆ ಏಳಲಿಲ್ಲ. ಎದ್ದ ಮೇಲೆ ಕೊಟ್ಟದ್ದು ಹೊತ್ತಿಗೆ ಎರಡು ಲೀಟರ್ ಹಾಲು. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ. ಬಿಸಿನೀರು ಕೊಟ್ಟು, ಕೈ ತೊಳೆದುಕೊಳ್ಳಿ ಡಾಕ್ಟ್ರೇ ಎಂದರು.

ಅಂದಿನಿಂದ ನನ್ನ ಚೀಲದಲ್ಲಿ ಟೇಪು ಇದೆ. ತೂಕ ನೋಡದೆ ಕಡಸಿಗೆ ಬೆದೆ ಇಂಜೆಕ್ಷನ್ ಕೊಡುವುದಿಲ್ಲ. ನೀವೂ ಕೇಳಬೇಡಿ. ಮೊದಲ ಬಾರಿ ಗಬ್ಬ ಕಟ್ಟಿಸುವಾಗ ಹುಟ್ಟುವ ಕರು ಸಣ್ಣದಿರುವಂತಹ ಹೋರಿಯ ವೀರ್ಯ ಆರಿಸಿ. ಜೆರ್ಸಿ ಮಿಶ್ರತಳಿಯ ಸಣ್ಣ ಕಡಸಿಗೆ ದೊಡ್ಡ ಮೈಕಟ್ಟಿನ ಎಚ್.ಎಫ್. ಬೇಡ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕಡಸು 11 ತಿಂಗಳಿಗೇ ಬೆದೆಗೆ ಬಂದಿದೆ. ಕೃತಕ ಗರ್ಭಧಾರಣೆ ಮಾಡಿಸಬಹುದೇ?
ಉತ್ತರ: ಚೆನ್ನಾಗಿ ಸಾಕಿದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಆದರೆ ತೂಕ 250 ಕಿಲೋ ಆಗುವವರೆಗೆ ಕಾಯಿರಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಮರಳಿ ಬರುತ್ತದೆ. ತಾರೀಖು ಬರೆದಿಡಿ. ತೂಕ ಬಂದ ಮೇಲೆ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಿ.

ಪ್ರಶ್ನೆ: ಹಸು ಅವಳಿ ಕರು ಹಾಕಿದೆ, ಒಂದು ಗಂಡು ಒಂದು ಹೆಣ್ಣು. ಹೆಣ್ಣುಗರು ಸಾಕಬಹುದೇ?
ಉತ್ತರ: ಹಾಲಿಗಾಗಿ ಸಾಕುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಗಂಡಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಿಜವಾಗಿಯೂ ಬರಡಾಗಿರುತ್ತವೆ. ಗರ್ಭದಲ್ಲಿ ಎರಡರ ರಕ್ತ ಬೆರೆತು ಹೆಣ್ಣಿನ ಸಂತಾನ ಅಂಗಗಳು ಬೆಳೆದಿರುವುದಿಲ್ಲ. ಇದಕ್ಕೆ ಯಾವ ಮೇವೂ ಮದ್ದೂ ಇಲ್ಲ.

ಪ್ರಶ್ನೆ: ಹಳ್ಳಿಕಾರ್ ಕಡಸಿಗೆ ಮೂರು ವರ್ಷವಾಗುತ್ತ ಬಂತು, ಇನ್ನೂ ಕರು ಹಾಕಿಲ್ಲ. ದೋಷವೇ?
ಉತ್ತರ: ದೇಸಿ ತಳಿಗಳು ಸ್ವಭಾವದಿಂದ ನಿಧಾನ. ಹಳ್ಳಿಕಾರ್ ಮೊದಲ ಕರು ಹಾಕುವುದು ಸಾಮಾನ್ಯವಾಗಿ ಮೂರೂವರೆ ನಾಲ್ಕು ವರ್ಷಕ್ಕೆ. ಗಾಬರಿ ಬೇಡ. ಆದರೂ ಮೇವು, ಖನಿಜ ಮಿಶ್ರಣ ಚೆನ್ನಾಗಿ ಕೊಟ್ಟರೆ ಕೆಲವು ತಿಂಗಳು ಬೇಗ ಬರುತ್ತದೆ.

ಪ್ರಶ್ನೆ: ಎಮ್ಮೆಯ ಮಣಕ ತೂಕ ಬಂದರೂ ಬೆದೆ ಕಾಣುವುದಿಲ್ಲ.
ಉತ್ತರ: ಎಮ್ಮೆಗಳಲ್ಲಿ ಮೂಕ ಬೆದೆ ಹೆಚ್ಚು, ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಮುಂಜಾನೆ ಮತ್ತು ರಾತ್ರಿ ಮಲಗಿರುವಾಗ ಲೋಳೆ ಸುರಿದಿದೆಯೇ ನೋಡಿ. ದಿನಕ್ಕೆ ಎರಡು ಸಲ ಮೈ ತೊಳೆಯಿರಿ. ಎರಡು ತಿಂಗಳಾದರೂ ಕಾಣದಿದ್ದರೆ ಪರೀಕ್ಷೆ ಮಾಡಿಸಿ.

ಆ ಕಡಸು ಏನಾಯಿತು?

ಶಿಬಿರಕ್ಕೆ ಬಂದಿದ್ದ ಆ ತಾಯಿಗೆ ಅಂದು ಇಂಜೆಕ್ಷನ್ ಕೊಡಲಿಲ್ಲ. ಜಂತುನಾಶಕ ಮತ್ತು ಖನಿಜ ಮಿಶ್ರಣ ಕೊಟ್ಟು, ಟೇಪು ಹಿಡಿಯುವುದನ್ನು ಮಗನಿಗೆ ಕಲಿಸಿ ಕಳಿಸಿದೆ. ದಿನಕ್ಕೆ ಎರಡು ಕಿಲೋ ಪಶು ಆಹಾರ, ಬದುವಿನಲ್ಲಿ ಬೆಳೆದ ಹಸಿಮೇವು ಕೊಟ್ಟರು. ಏಳನೆಯ ತಿಂಗಳಿಗೆ ಸುತ್ತಳತೆ 56 ಇಂಚು, ಉದ್ದ 50 ಇಂಚು, ತೂಕ 238 ಕಿಲೋ. ಅದೇ ವಾರ ಕಡಸು ಕೂಗಿತು. ಮಗ ಆ ರಾತ್ರಿಯೇ ಫೋನ್ ಮಾಡಿದ. ಒಂದು ಬೆದೆ ಬಿಟ್ಟು ಎರಡನೆಯ ಬೆದೆಗೆ ಮಾಡಿಸಿದೆವು. ಗಬ್ಬ ನಿಂತಿತು. ಇಂದು ಅದು ಆ ಮನೆಯ ಹಾಲಿನ ಹಸು.

ಆದರೆ ಮೊದಲೇ ಕಳೆದುಹೋದ ಒಂದೂವರೆ ವರ್ಷವನ್ನು ಮರಳಿ ತರಲು ನನ್ನಿಂದಾಗಲಿಲ್ಲ. ಅದು ಯಾವ ಡಾಕ್ಟರಿಂದಲೂ ಆಗದ ಕೆಲಸ. ನಮ್ಮ ಮನೆಗಳಲ್ಲಿ ಕರುವನ್ನು ನೋಡಿಕೊಳ್ಳುವುದು ಹೆಚ್ಚಾಗಿ ಹೆಂಗಸರು, ಹಾಲಿನ ಲೆಕ್ಕ ನೋಡುವುದು ಹೆಚ್ಚಾಗಿ ಗಂಡಸರು. ಇಬ್ಬರೂ ಒಮ್ಮೆ ಕುಳಿತು ಕರುವಿನ ಪಾಲಿನ ಹಾಲು ಎಷ್ಟು ಎಂದು ಮಾತಾಡಿಕೊಂಡರೆ, ಮುಂದಿನ ಬರಡು ರಾಸುಗಳ ಶಿಬಿರದಲ್ಲಿ ನಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ.

ನೆನಪಿಡಿ

1. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು, ಮಾಸು ಬೀಳುವವರೆಗೆ ಕಾಯಬೇಡಿ.
2. ಎರಡನೆಯ ವಾರದಿಂದ ಕರುಗಳ ಆಹಾರ, ಮೊದಲ ವಾರದಿಂದ ನೀರು.
3. 10ರಿಂದ 14 ದಿನದೊಳಗೆ ಮೊದಲ ಜಂತುನಾಶಕ.
4. ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ.
5. ತಿಂಗಳಿಗೊಮ್ಮೆ ಟೇಪು.
6. ಎಚ್.ಎಫ್. ಮಿಶ್ರತಳಿ 250 ಕಿಲೋ, ಜೆರ್ಸಿ ಮಿಶ್ರತಳಿ 200 ಕಿಲೋ ಆಗದೆ ಗರ್ಭಧಾರಣೆ ಬೇಡ.
7. ತೂಕ ಬಂದು ಎರಡು ತಿಂಗಳಾದರೂ ಬೆದೆ ಕಾಣದಿದ್ದರೆ ಸಂಘದ ಕಾರ್ಯದರ್ಶಿಯ ಮೂಲಕ ಪಶುವೈದ್ಯರಿಗೆ ತಿಳಿಸಿ.